ಶಿಕ್ಷಣದ ತತ್ವಶಾಸ್ತ್ರ ಓದಬೇಕಾ? ಒಂದು ಜಗಳ ಹಿಡಿದು ಒಳಗೆ ಹೋಗಿ
ಬಿ.ಎಡ್. ಮಾಡಿದವರಿಗೆ ಶಿಕ್ಷಣದ ತತ್ವಶಾಸ್ತ್ರ ಅಂದ ಕೂಡಲೇ ಗೈಡಿನ ಆ ಪಟ್ಟಿ ನೆನಪಾಗುತ್ತದೆ. ಆದರ್ಶವಾದ, ನಿಸರ್ಗವಾದ, ಅಸ್ತಿತ್ವವಾದ. ಒಂದೊಂದಕ್ಕೂ ಗುರಿ, ಪಠ್ಯಕ್ರಮ, ಶಿಕ್ಷಕರ ಪಾತ್ರ. ಪರೀಕ್ಷೆ ಮುಗಿದ ಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ, ತಪ್ಪೇನೂ ಇಲ್ಲ ಬಿಡಿ. ಆದರೆ ಈ ವಿಷಯದಲ್ಲಿ ನಿಜವಾಗಿ ಕೆಲಸ ಮಾಡುವವರು ಪೇಪರ್ ಮೇಲೆ ಪೇಪರ್ ಬರೆದು ಜಗಳವಾಡುತ್ತಿರುತ್ತಾರೆ. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಯಾವ ಜಗಳ? ನಾನಾದರೆ ಅಮೆರಿಕದ ಯೋಡರ್ ಕೇಸು ಕೊಡುತ್ತೇನೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಮಕ್ಕಳು 16 ವರ್ಷದವರೆಗೆ ಶಾಲೆಗೆ ಹೋಗಲೇಬೇಕು ಎಂಬ ಕಾನೂನಿತ್ತು. ಕಾರು, ಕರೆಂಟಿನಿಂದ ದೂರ ಇದ್ದು ಬೇಸಾಯ ಮಾಡಿಕೊಂಡಿರುವ ಅಲ್ಲಿನ ಆಮಿಶ್ ಪಂಗಡದವರು, ಎಂಟನೇ ಕ್ಲಾಸ್ ಸಾಕು, ಹೈಸ್ಕೂಲಿಗೆ ಕಳಿಸಿದರೆ ಮಕ್ಕಳು ನಮ್ಮ ದಾರಿ ಬಿಡುತ್ತಾರೆ ಅಂದರು. ಮೂವರು ಅಪ್ಪಂದಿರಿಗೆ ತಲಾ 5 ಡಾಲರ್ ದಂಡ ಬಿತ್ತು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು, 1972ರಲ್ಲಿ ಅಪ್ಪಂದಿರೇ ಗೆದ್ದರು. ನ್ಯಾಯಮೂರ್ತಿ ಡಗ್ಲಸ್ ಮಾತ್ರ ತಕರಾರು ಎತ್ತಿದರು. ಮಕ್ಕಳಲ್ಲಿ ಸಾಕ್ಷಿ ಹೇಳಿದ್ದು ಒಬ್ಬಳೇ ಹುಡುಗಿ, ಉಳಿದ ಮಕ್ಕಳಿಗೆ ಏನು ಬೇಕು ಅಂತ ಯಾರೂ ಕೇಳಿಲ್ಲವಲ್ಲ ಅನ್ನುವುದು ಅವರ ಮಾತಿನ ತಿರುಳು.

ಇಲ್ಲಿ ನಿಲ್ಲಿ. ಏನನ್ನೂ ಓದುವ ಮೊದಲು ನಿಮ್ಮ ತೀರ್ಪು ಬರೆದಿಡಿ, ನಾಲ್ಕು ಸಾಲು ಸಾಕು. ಆಮೇಲೆ ಅಮೆರಿಕದ ತತ್ವಜ್ಞಾನಿ ಜೋಯಲ್ ಫೈನ್‌ಬರ್ಗ್ 1980ರಲ್ಲಿ ಬರೆದ ಲೇಖನ ಓದಿ. ಮಗು ದೊಡ್ಡದಾದ ಮೇಲೆ ತಾನೇ ಆರಿಸಿಕೊಳ್ಳಬೇಕು, ಅಲ್ಲಿಯವರೆಗೆ ಅದರ ದಾರಿಗಳನ್ನು ಯಾರೂ ಮುಚ್ಚುವಂತಿಲ್ಲ ಅನ್ನುತ್ತಾರೆ. ರಾಜಕೀಯ ಚಿಂತಕಿ ಏಮಿ ಗಟ್‌ಮನ್ 1987ರ ತಮ್ಮ ಪುಸ್ತಕದಲ್ಲಿ, ಮಕ್ಕಳ ಶಿಕ್ಷಣ ಹೇಗಿರಬೇಕು ಅಂತ ತೀರ್ಮಾನಿಸುವ ಅಧಿಕಾರವನ್ನು ಪೋಷಕರು, ಸಮಾಜ, ಶಿಕ್ಷಕರು ಮೂವರೂ ಹಂಚಿಕೊಳ್ಳಲಿ, ಒಬ್ಬರ ಕೈಗೇ ಕೊಡಬೇಡಿ ಅನ್ನುತ್ತಾರೆ. ಎದುರು ಪಕ್ಷಕ್ಕೆ ಇನ್ನೊಬ್ಬ ರಾಜಕೀಯ ಚಿಂತಕ ವಿಲಿಯಂ ಗಾಲ್‌ಸ್ಟನ್ ಇದ್ದಾರೆ: ಎಲ್ಲವನ್ನೂ ಪ್ರಶ್ನಿಸಿ ಆರಿಸಿಕೊಂಡ ಬದುಕೇ ಮೇಲು ಅಂತ ಸರ್ಕಾರ ಎಲ್ಲರ ಮೇಲೂ ಹೇರುವುದು ಯಾಕೆ, ಬೇರೆ ಥರ ಬದುಕುವವರಿಗೂ ಜಾಗ ಬೇಡವಾ? ಮೂವರನ್ನೂ ಓದಿದ ಮೇಲೆ ನಿಮ್ಮ ನಾಲ್ಕು ಸಾಲಿನಲ್ಲಿ ಯಾವುದು ಉಳಿಯಿತು ನೋಡಿ.

ಇನ್ನು ಇದೇ ಪ್ರಶ್ನೆಯನ್ನು ನಮ್ಮ ಮನೆ ಬಾಗಿಲಿಗೆ ತನ್ನಿ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಆಗಬೇಕು ಅಂತ ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮ ಆರಿಸುವ ಹಕ್ಕು ಮಗುವಿನದು, ಮಗುವಿನ ಪರವಾಗಿ ಪೋಷಕರದು, ಸರ್ಕಾರ ಹೇರುವಂತಿಲ್ಲ ಅಂದಿತು. ನಾವು ಇದನ್ನು ಬರೀ ಕನ್ನಡ-ಇಂಗ್ಲಿಷ್ ಜಗಳ ಅಂದುಕೊಂಡು ಕೂಗಾಡಿದ್ದೇ ಜಾಸ್ತಿ. ಫೈನ್‌ಬರ್ಗ್ ಮಾತನ್ನು ಇಲ್ಲಿಟ್ಟು ನೋಡಿ. ಇಂಗ್ಲಿಷ್ ಮೀಡಿಯಂ ಬೇಕು ಅನ್ನುವವರು, ಮಗುವಿಗೆ ಜಾಸ್ತಿ ದಾರಿ ತೆರೆಯುವುದು ನಮ್ಮದೇ ಅನ್ನುತ್ತಾರೆ. ಅರ್ಥವಾಗುವ ಭಾಷೆಯಲ್ಲಿ ಕಲಿತರೆ ತಾನೇ ಯಾವ ದಾರಿಯಾದರೂ ತೆರೆಯೋದು ಅಂತ ಕನ್ನಡದವರೂ ಅನ್ನಬಹುದು. ಒಂದೇ ಸೂತ್ರವನ್ನು ಎರಡೂ ಕಡೆಯವರು ಬಳಸಿಕೊಳ್ಳಬಹುದಾದರೆ ಸೂತ್ರದಲ್ಲೇ ಏನೋ ಕೊರತೆ ಇದೆ, ಅಲ್ವಾ? ಇಂಥ ಬಿರುಕು ಕಾಣಿಸಿತು ಅಂದರೆ ಈ ವಿಷಯ ನಿಮ್ಮ ಕೈಗೆ ಹತ್ತಿತು ಅಂತಲೇ.

ಒಂದು ಕಡೆ ಮಾತ್ರ ಹುಷಾರಾಗಿರಿ. ‘ಸಂಶೋಧನೆ ಹೀಗೆ ಹೇಳುತ್ತೆ’ ಅಂದ ತಕ್ಷಣ ಮಾತು ಮುಗಿಯುವುದಿಲ್ಲ. ಯಾವ ಮಾಧ್ಯಮದಲ್ಲಿ ಅಂಕ ಜಾಸ್ತಿ ಬರುತ್ತದೆ ಅಂತ ಅಳೆಯಬಹುದು. ಅಂಕಕ್ಕಾಗಿಯೇ ಶಾಲೆಯಾ ಅನ್ನುವುದನ್ನು ಅಳತೆ ಹೇಳಿಕೊಡುವುದಿಲ್ಲ. ಈ ಬಗ್ಗೆ ಶಿಕ್ಷಣ ಚಿಂತಕ ಗೆರ್ಟ್ ಬಿಯೆಸ್ಟಾ ಚೆನ್ನಾಗಿ ಬರೆದಿದ್ದಾರೆ.

ಎರಡನೇ ಜಗಳಕ್ಕೆ ಲಂಡನ್ನಿಗೆ ಹೋಗಿ. ಅಲ್ಲಿನ ತತ್ವಜ್ಞಾನಿ ಆರ್.ಎಸ್. ಪೀಟರ್ಸ್ 1966ರಲ್ಲಿ ‘ವಿದ್ಯಾವಂತ’ ಅಂದರೆ ಯಾರು ಅಂತ ವಿವರಿಸಿದರು. ಆ ಚಿತ್ರದಲ್ಲಿ ಮನೆ, ಮಕ್ಕಳು, ಆರೈಕೆ ಇವಕ್ಕೆಲ್ಲ ಬೆಲೆಯೇ ಇಲ್ಲವಲ್ಲ, ಇದು ಗಂಡಸರನ್ನೇ ಮನಸ್ಸಿನಲ್ಲಿಟ್ಟು ಬರೆದದ್ದು ಅಂತ ಅಮೆರಿಕದ ಜೇನ್ ರೋಲಂಡ್ ಮಾರ್ಟಿನ್ 1980ರ ದಶಕದಲ್ಲಿ ತಿರುಗಿಬಿದ್ದರು. ನನಗೆ ಮಾರ್ಟಿನ್ ವಾದವೇ ಗಟ್ಟಿ ಅನಿಸುತ್ತದೆ. ಆದರೆ ಪೀಟರ್ಸ್ ಓದದೆ ಸುಮ್ನೆ ನನ್ನ ಮಾತು ನಂಬಬೇಡಿ.

ಎಲ್ಲಿ ಸಿಗುತ್ತದೆ? ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಆನ್‌ಲೈನಿನಲ್ಲಿ ಪುಕ್ಕಟೆ, ಅಲ್ಲಿ ಈ ವಿಷಯದ ಮೇಲೆ ಉದ್ದದ ಬರಹವಿದೆ. ಯೋಡರ್ ತೀರ್ಪೂ, 2014ರ ತೀರ್ಪೂ ನೆಟ್‌ನಲ್ಲಿ ಪೂರ್ತಿ ಸಿಗುತ್ತವೆ. ಜರ್ನಲ್‌ಗಳಲ್ಲಿ 1951ರಿಂದ ಬರುತ್ತಿರುವ ಎಜುಕೇಶನಲ್ ಥಿಯರಿ, ಬ್ರಿಟನ್ನಿನ ಜರ್ನಲ್ ಆಫ್ ಫಿಲಾಸಫಿ ಆಫ್ ಎಜುಕೇಶನ್ ಮುಖ್ಯವಾದವು. ಹಣ ಕೊಟ್ಟು ಓದಬೇಕಾದದ್ದೇ ಜಾಸ್ತಿ, ಹತ್ತಿರದ ಯೂನಿವರ್ಸಿಟಿ ಲೈಬ್ರರಿಯಲ್ಲಿ ವಿಚಾರಿಸಿ. ಮೊದಲು ಪುಸ್ತಕ ವಿಮರ್ಶೆಗಳನ್ನು ಓದಿ. ಚಿಕ್ಕದಾಗಿರುತ್ತವೆ, ಯಾರಿಗೆ ಯಾರ ಮೇಲೆ ಸಿಟ್ಟು ಅನ್ನುವುದೂ ಅಲ್ಲೇ ಬೇಗ ಗೊತ್ತಾಗುತ್ತದೆ.