5 ಅಡಿ ರ‍್ಯಾಂಪ್ 18 ಅಡಿ ಆದದ್ದು

ನಾನು ಒಂದು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನನ್ನ ಎಡಗಾಲಿಗೂ ಕ್ಯಾಲಿಪರ್, ಅಂದರೆ ಆಸರೆಯ ಪಟ್ಟಿ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸೋದು, ಮಾಸಾಶನ ನಿಂತವರ ಕಾಗದ ಸರಿಮಾಡಿಸೋದು ನನ್ನ ಕೆಲಸ. ತ್ರಿಚಕ್ರ ಗಾಡಿಯಲ್ಲಿ ಬಂದವರ ಅರ್ಜಿಯನ್ನು ಅಂಗಳದಲ್ಲೇ, ಅವರ ಪಕ್ಕ ನಿಂತು ತುಂಬುತ್ತಿದ್ದೆ.

ಕಚೇರಿಗೆ ರ‍್ಯಾಂಪ್ ಇರಲಿಲ್ಲ ಅಂತಲ್ಲ, ಇತ್ತು. 5 ಅಡಿ ಉದ್ದ, ಮೇಲೆ ನುಣುಪು ಟೈಲ್ಸ್. ಬೈಕ್ ಹತ್ತಿಸೋಕೆ ಚೆನ್ನಾಗಿತ್ತು. ವರದಿಯಲ್ಲಿ ‘ರ‍್ಯಾಂಪ್ ಇದೆಯೇ?’ ಅನ್ನೋ ಕಡೆ ಪ್ರತಿ ವರ್ಷ ‘ಹೌದು’ ಅಂತ ಬರೆಯುತ್ತಿದ್ದವನೂ ನಾನೇ.

ಒಂದು ದಿನ ಟೇಪ್ ಹಿಡಿದೆ. ಮೂರು ಮೆಟ್ಟಿಲು, ಒಂದೊಂದು 6 ಇಂಚು, ಒಟ್ಟು 18 ಇಂಚು ಎತ್ತರ. ಲೆಕ್ಕ ಸುಲಭ. ಒಂದು ಇಂಚು ಏರಬೇಕಾದರೆ 12 ಇಂಚು ಉದ್ದ ಬೇಕು. ಅಂದರೆ 18 ಅಡಿ. ನಮ್ಮದು ಅದರ ಮೂರನೇ ಒಂದು ಭಾಗವೂ ಇರಲಿಲ್ಲ.

ಪಿಡಿಓ ಮೇಡಂ ಮುಂದೆ ಈ ಲೆಕ್ಕ ಇಟ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ಹೇಳಿದೆ. ಹಳೆಯ ಸರ್ಕಾರಿ ಕಟ್ಟಡಗಳನ್ನು ಸರಿಪಡಿಸೋಕೆ ಅದು ಕೊಟ್ಟಿದ್ದು ನಿಯಮ ಬಂದ 2017ರಿಂದ ಐದೇ ವರ್ಷ. ಮೇಡಂ ಒಪ್ಪಿದರು. ಅಂಗವಿಕಲರಿಗೆ ಎತ್ತಿಟ್ಟ ಶೇ 5ರ ದುಡ್ಡಲ್ಲೇ ಕಟ್ಟಿಬಿಡೋಣ ಅಂದರು. ನಾನು ಬೇಡ ಅಂದೆ. ಅದು ಕನ್ನಡಕ, ಊರುಗೋಲು, ಔಷಧಕ್ಕೆ ಆಗೋ ದುಡ್ಡು. ಮೆಟ್ಟಿಲು ಕಟ್ಟುವಾಗ ಯಾರ ಪಾಲನ್ನೂ ಕೇಳಲಿಲ್ಲ, ಅಲ್ವಾ? ಕೊನೆಗೆ ಕಟ್ಟಡ ದುರಸ್ತಿ ಲೆಕ್ಕದಲ್ಲಿ ಬಂತು.

ಜಗಲಿಯಿಂದ ಕಾಂಪೌಂಡಿಗೆ ಇದ್ದದ್ದು 13 ಅಡಿ. ನೇರ ಇಳಿಸೋಕಾಗದು. ಅದಕ್ಕೇ 8 ಅಡಿ ಇಳಿಸಿ, 5 ಅಡಿ ಸಮತಟ್ಟು ಬಿಟ್ಟು, ಅಲ್ಲಿಂದ ಗೋಡೆಗುಂಟ ತಿರುಗಿಸಿ ಇನ್ನು 10 ಅಡಿ ಇಳಿಸಿದೆವು. ಮೇಸ್ತ್ರಿಗೆ ಸಮಾಧಾನ ಇಲ್ಲ. “ಇಷ್ಟುದ್ದ ಯಾಕೆ ಸಾರ್? ಸುಮ್ನೆ ಸಿಮೆಂಟ್ ದಂಡ.” ಸಿಮೆಂಟ್ ಮೂಟೆ ಇಟ್ಟ ತಳ್ಳುಗಾಡಿಯನ್ನು ಹಳೇ ರ‍್ಯಾಂಪ್ ಮೇಲೆ ಒಬ್ಬರೇ ತಳ್ಳಿ ಅಂದೆ. ಅರ್ಧಕ್ಕೆ ನಿಂತರು. ಆಮೇಲೆ ಟೈಲ್ಸ್ ಬೇಡ, ಕಾಂಕ್ರೀಟ್ ಹಸಿ ಇರುವಾಗ ಅಡ್ಡಕ್ಕೆ ಪೊರಕೆ ಎಳೆದರೆ ಜಾರಲ್ಲ ಅಂತ ಅವರೇ ಹೇಳಿದರು. ಹಿಡಿಯೋಕೆ ಎರಡೂ ಕಡೆ ಪೈಪ್, 3 ಅಡಿ ಎತ್ತರಕ್ಕೊಂದು, ಎರಡೂವರೆ ಅಡಿ ಎತ್ತರಕ್ಕೊಂದು. ಗಾಲಿ ಅಂಚಿನಿಂದ ಜಾರದಂತೆ ಗಿಡ್ಡ ಕಟ್ಟೆ.

ಎಲ್ಲ ಮುಗಿದು, ವ್ಹೀಲ್‌ಚೇರಿನಲ್ಲಿ ಒಬ್ಬರು ಅಕ್ಕ ಬಂದರು. ಯಾರೂ ತಳ್ಳದೆ ಮೇಲೆ ಬಂದರು. ಬಾಗಿಲಲ್ಲಿ ನಿಂತರು. ಗಾಡಿ ಒಳಗೆ ಹೋಗಲಿಲ್ಲ! ಜೋಡಿ ಬಾಗಿಲಿನ ಒಂದು ರೆಕ್ಕೆಯನ್ನಷ್ಟೇ ತೆಗೆಯುವ ರೂಢಿ ನಮ್ಮದು. ಇನ್ನೊಂದರ ಚಿಲಕ ಎಷ್ಟು ವರ್ಷದಿಂದ ತುಕ್ಕು ಹಿಡಿದಿತ್ತೋ. ಹೊಸ್ತಿಲು ಬೇರೆ 2 ಇಂಚು. ಅಷ್ಟೆಲ್ಲ ಅಳೆದವನು ಬಾಗಿಲನ್ನು ಅಳೆದಿರಲಿಲ್ಲ.

“ಇರಲಿ ಬಿಡಣ್ಣ, ಇಲ್ಲಿಗಂಟ ಬಂದ್ನಲ್ಲ” ಅಂದರು ಅಕ್ಕ. ಅವತ್ತಿನ ಅರ್ಜಿ ಜಗಲಿಯಲ್ಲೇ ತುಂಬಿದೆ.

ಚಿಲಕಕ್ಕೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ ತೆಗೆಯೋಕೆ ಹತ್ತು ನಿಮಿಷ ಸಾಕಾಯಿತು. ಹೊಸ್ತಿಲಿನ ಎರಡೂ ಕಡೆ ಇಳಿಜಾರು ಕಾಂಕ್ರೀಟ್ ಹಾಕಿಸಿದೆವು. ಬೈಕುಗಳು ಮಾತ್ರ ಈಗಲೂ ರ‍್ಯಾಂಪಿನ ಬುಡದಲ್ಲೇ ನಿಲ್ಲುತ್ತವೆ. ಬೆಳಿಗ್ಗೆ ಹೋದ ಕೂಡಲೇ ಯಾರದಪ್ಪಾ ಇದು ಅಂತ ಕೂಗಿ, ತೆಗೆಸಿ, ಆಮೇಲೆ ನನ್ನ ಕುರ್ಚಿಗೆ ಹೋಗುತ್ತೇನೆ.