ಚಿಕ್ಕ ಮಗು ಇರೋ ಮನೆಗೆ ಯಾವ ನಾಯಿ ತರ್ಬೇಕು? ತರೋಕ್ ಮುಂಚೆ ಇಷ್ಟು ಓದ್ಕೊಳಿ

"ಮಗಳಿಗೆ ಮೂರು ವರ್ಷ, ನಾಯಿ ಬೇಕು ಅಂತ ಒಂದೇ ಹಟ, ಯಾವ ಬ್ರೀಡ್ ತರ್ಲಿ ಅಕ್ಕಾ" ಅಂತ ಕೇಳೋರಿಗೆ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ. ಬೆಳಿಗ್ಗೆ ಆರು ಗಂಟೆಗೆ ಅದನ್ನ ಆಚೆ ಕರ್ಕೊಂಡ್ ಹೋಗೋರು ಯಾರು? ಮಳೆಗಾಲದಲ್ಲೂ, ಮಗೂಗೆ ಜ್ವರ ಬಂದ ದಿನಾನೂ, ಊರಲ್ಲಿ ಹಬ್ಬ ಇರುವಾಗ್ಲೂ. ಇದಕ್ಕೆ ಮನೇಲಿ ಒಬ್ಬರ ಹೆಸರು ಥಟ್ ಅಂತ ಬಂದ್ರೆ ಮಾತ್ರ ಮುಂದಿನ ಮಾತು, ಇಲ್ಲಾಂದ್ರೆ ಇನ್ನೊಂದೆರಡು ವರ್ಷ ಕಾಯೋದೇ ಒಳ್ಳೇದು, ಮಗೂಗೂ ನಾಯಿಗೂ.

ಇಷ್ಟು ಗಟ್ಟಿಯಾಗಿ ಹೇಳ್ತಿರೋದಕ್ಕೆ ಕಾರಣ ಇದೆ. ನಮ್ಮ ಪುಟ್ಟಿಗೆ ಎರಡು ವರ್ಷ ಇದ್ದಾಗ ನಾವು ಒಂದು ಲ್ಯಾಬ್ರಡಾರ್ (ಲ್ಯಾಬ್) ಮರಿ ತಂದ್ವಿ. ಮಾರಿದವರು 45 ದಿನ ಆಗಿದೆ ಅಂದ್ರು, ಮರುದಿನ ಡಾಕ್ಟ್ರು ಬಾಯಿ ಬಿಡಿಸಿ ನೋಡಿ ಹಿಂದಿನ ಹಲ್ಲೇ ಇನ್ನೂ ಬಂದಿಲ್ಲ, ಒಂದು ತಿಂಗಳು ಆಗಿದ್ರೆ ಹೆಚ್ಚು ಅಂದ್ರು. ರಾತ್ರಿಯೆಲ್ಲಾ ಅಳೋದು. ಹಗಲಲ್ಲಿ ಪುಟ್ಟಿ ಓಡಿದ್ರೆ ಹಿಂದೆ ಓಡಿ ಫ್ರಾಕಿನ ಅಂಚು ಹಿಡಿದು ಜಗ್ಗೋದು, ಅವಳು ಕಿರುಚಿದಷ್ಟೂ ಅದಕ್ಕೆ ಇನ್ನೂ ಜೋರು ಆಟ ಅನ್ಸೋದು, ಕೊನೆಗೆ ಮಗು ಸೋಫಾ ಮೇಲಿಂದ ಕೆಳಗೇ ಇಳೀತಿರ್ಲಿಲ್ಲ. ಒಂಬತ್ತನೇ ದಿನ ವಾಂತಿ, ರಕ್ತಭೇದಿ. ಪಾರ್ವೋ. ಮೂರು ದಿನ ಡ್ರಿಪ್ ಹಾಕ್ಸಿದ್ರೂ ಉಳೀಲಿಲ್ಲ. ಆ ಪಾರ್ವೋ ವೈರಸ್ ಮನೇಲಿ, ಅಂಗಳದಲ್ಲಿ ತಿಂಗಳುಗಟ್ಟಲೆ ಇರುತ್ತೆ, ಲಸಿಕೆ ಪೂರ್ತಿ ಆಗದ ಇನ್ನೊಂದು ಮರಿ ತರ್ಲೇಬೇಡಿ ಅಂತ ಡಾಕ್ಟ್ರು ಹೇಳಿದ್ರು. ಹಾಗಾಗಿ ಒಂದು ವರ್ಷ ಬಿಟ್ಟು, ಲಸಿಕೆ ಎಲ್ಲಾ ಆಗಿದ್ದ, ಎರಡು ವರ್ಷದ ಕಂದು ಬಣ್ಣದ ಒಂದು ನಾಡ ನಾಯೀನ ದತ್ತು ತಗೊಂಡ್ವಿ. ಅದೇ ಕೆಂಚಿ. ಆಗ ಗೊತ್ತಾಯ್ತು, ನಾವು ಶುರುನಲ್ಲಿ ಕೇಳ್ಬೇಕಿದ್ದ ಪ್ರಶ್ನೆ ಬ್ರೀಡ್ ಯಾವ್ದು ಅಂತಲ್ಲ, ನಮ್ಮ ಮನೆ ಎಂಥದು, ಮಗು ವಯಸ್ಸೆಷ್ಟು, ನಾಯಿ ವಯಸ್ಸೆಷ್ಟು ಅಂತ. ಬ್ರೀಡ್ ಬರೋದು ಅದಾದ್ಮೇಲೆ.

ಮೊದಲು ವಯಸ್ಸಿನ ವಿಷ್ಯ. ಮೂರು ವರ್ಷದೊಳಗಿನ ಮಗು ಇದ್ರೆ ಮರಿ ತರೋದಂದ್ರೆ ಒಟ್ಟಿಗೆ ಎರಡು ಕೂಸು ಸಾಕಿದ ಹಾಗೆ. ಎರಡಕ್ಕೂ ಎಲ್ಲಿ ಉಚ್ಚೆ ಮಾಡ್ಬೇಕು ಗೊತ್ತಿಲ್ಲ, ಎರಡೂ ಸಿಕ್ಕಿದ್ದೆಲ್ಲಾ ಬಾಯಿಗಿಡ್ತಾವೆ, ಎರಡೂ ನಿದ್ದೆ ಕೆಡಿಸ್ತಾವೆ. ನಾಲ್ಕು ತಿಂಗಳಿಂದ ಆರೇಳು ತಿಂಗಳ ತನಕ ಮರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತೆ, ಆಗ ಒಸಡು ಕೆರೆಯುತ್ತೆ, ಕೈ, ಕಾಲು, ಚಪ್ಪಲಿ, ಮಗೂನ ಬೊಂಬೆ ಏನಾದ್ರೂ ಸರಿ ಕಚ್ತಾ ಇರ್ಬೇಕು, ಆ ಹಲ್ಲು ಸೂಜಿ ಥರ ಇರುತ್ತೆ, ಮರಿ ಕೆಟ್ಟದಲ್ಲ, ಆದ್ರೆ ಎರಡು ವರ್ಷದ ಕೂಸಿಗೆ ಅದು ತಿಳಿಯೋದು ಹೇಗೆ. ಐದಾರು ವರ್ಷದ ಮಗು ಆದ್ರೆ ಬೇರೆ ಮಾತು, ಆ ವಯಸ್ಸಿಗೆ ಹೇಳಿದ್ದು ಅರ್ಥ ಆಗುತ್ತೆ, ನೀರು ಇಡೋದು, ಬಾಚೋದು ಅಂತ ಸಣ್ಣಪುಟ್ಟ ಕೆಲಸಾನೂ ಕೊಡಬಹುದು. ಚಿಕ್ಕ ಮಕ್ಕಳ ಮನೆಗೆ ನನ್ನ ಆಯ್ಕೆ ಎರಡು ಮೂರು ವರ್ಷದ, ಮಕ್ಕಳ ಜೊತೆ ಇದ್ದು ಅಭ್ಯಾಸ ಇರೋ ದೊಡ್ಡ ನಾಯಿ. ಅದರ ಸ್ವಭಾವ ಏನು ಅಂತ ಆಗ್ಲೇ ಗೊತ್ತಾಗಿರುತ್ತೆ, ಮರೀಲಿ ಬರೀ ಊಹೆ.

ಇನ್ನು ಮನೆ. ಎರಡನೇ ಮಹಡೀನಾ, ಲಿಫ್ಟ್ ಇದ್ಯಾ, ಅಂಗಳ ಇದ್ಯಾ, ಅಜ್ಜಿ ತಾತ ಜೊತೇಲಿದಾರಾ? ಮಧ್ಯಾಹ್ನ ಮನೇಲಿರೋದು ಅತ್ತೆ ಒಬ್ಬರೇ ಅಂದ್ರೆ 30 ಕೆಜಿ ನಾಯಿ ಚೈನ್ ಎಳೆದ್ರೆ ಅವರು ಬೀಳೋದು ಖಂಡಿತ. ನೆಲ ವಿಟ್ರಿಫೈಡ್ ಟೈಲ್ಸ್ ಆದ್ರೆ ಬೆಳೆಯೋ ಮರಿ ಕಾಲು ಜಾರ್ತಾ ಇರುತ್ತೆ, ಸೊಂಟದ ಕೀಲಿನ ತೊಂದ್ರೆ ಬರೋ ತಳಿಗಳಿಗೆ ಅದು ಒಳ್ಳೇದಲ್ಲ, ಓಡಾಡೋ ಕಡೆ ಹಳೇ ಜಮಖಾನೆನೋ ಗೋಣಿಚೀಲಾನೋ ಹಾಸಿದ್ರೂ ಸಾಕು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಾಯಿ ಸಾಕಂಗಿಲ್ಲ ಅಂದ್ರೆ ಹೆದರ್ಬೇಡಿ, ಸಾಕುನಾಯಿ ನಿಷೇಧ ಮಾಡೋ ಹಾಗಿಲ್ಲ, ಲಿಫ್ಟ್ ಬಳಸ್ಬೇಡಿ ಅನ್ನೋ ಹಾಗೂ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಹಾಗಂತ ಹೇಲು ಎತ್ತದೆ ಬರೋದು ಸರಿಯಲ್ಲ, ಜೇಬಲ್ಲಿ ಕವರ್ ಇರ್ಲಿ.

ಈಗ ತಳಿಗಳಿಗೆ ಬರೋಣ. ಲ್ಯಾಬ್ರಡಾರ್ ಮಕ್ಕಳಿರೋ ಮನೆಗೆ ಒಳ್ಳೇದು ಅನ್ನೋದು ಸುಳ್ಳಲ್ಲ, ತಾಳ್ಮೆ ಜಾಸ್ತಿ, ಮನುಷ್ಯರು ಅಂದ್ರೆ ಪ್ರಾಣ, ಕಲಿಯೋದು ಬೇಗ. ಆದ್ರೆ ಬೆಳೆದ ಗಂಡು ಲ್ಯಾಬ್ 29ರಿಂದ 36 ಕೆಜಿ, ಖುಷಿಗೆ ಬಾಲ ಬೀಸಿದ್ರೆ ಆಗಷ್ಟೇ ನಡೆಯೋಕೆ ಕಲ್ತಿರೋ ಮಗು ಮುಗ್ಗರಿಸುತ್ತೆ. ಎರಡು ವರ್ಷ ಆಗೋ ತನಕ ಅದಕ್ಕೆ ತನ್ನ ಮೈ ಎಷ್ಟು ದೊಡ್ಡದು ಅನ್ನೋ ಅಂದಾಜೇ ಇರಲ್ಲ. ಇನ್ನೊಂದು, ಅದರ ಹೊಟ್ಟೆಬಾಕತನ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಎಷ್ಟೋ ಲ್ಯಾಬ್‌ಗಳಲ್ಲಿ ಪಿಒಎಂಸಿ ಅನ್ನೋ ಜೀನ್‌ನ ಒಂದು ತುಣುಕೇ ಇಲ್ಲದಿರೋದನ್ನ ಕಂಡುಹಿಡಿದ್ರು, ಅಂಥ ನಾಯಿಗಳಿಗೆ ಊಟದ ಆಸೆ ಜಾಸ್ತಿ, ತೂಕಾನೂ ಜಾಸ್ತಿ. ನಮ್ಮ ಮನೆಗಳಲ್ಲಿ ಮಗು ಕೈಲಿ ಬಿಸ್ಕತ್ತು ಹಿಡ್ಕೊಂಡು ಮನೆಯೆಲ್ಲಾ ತಿರುಗುತ್ತೆ, ಲ್ಯಾಬ್ ಮೂತಿಗೆ ಸರಿಯಾಗಿ ಆ ಕೈ ಇರುತ್ತೆ, ಕಿತ್ಕೊಳ್ಳುವಾಗ ಹಲ್ಲು ತಾಗುತ್ತೆ. ಲ್ಯಾಬ್ ತರೋದಾದ್ರೆ ಮಗು ಕೂತೇ ತಿನ್ಬೇಕು, ಆ ಹೊತ್ತಲ್ಲಿ ನಾಯಿ ಬೇರೆ ರೂಮಲ್ಲಿರ್ಬೇಕು ಅಂತ ಮೊದಲ ದಿನದಿಂದ್ಲೇ ರೂಢಿ ಮಾಡಿ. ಗೋಲ್ಡನ್ ರಿಟ್ರೀವರ್ ಸ್ವಭಾವ ಇನ್ನೂ ಮೃದು, ಆದ್ರೆ ಸ್ಕಾಟ್ಲೆಂಡಿನ ನಾಯಿ, ಉದ್ದ ಕೂದಲು, ದಿನಾ ಬಾಚ್ಬೇಕು, ಬೆಂಗಳೂರು ಮೈಸೂರಲ್ಲಿ ಹೇಗೋ ಆಗುತ್ತೆ, ರಾಯಚೂರು ಕಲಬುರಗಿ ಬಿಸಿಲಿಗೆ ದಯವಿಟ್ಟು ಬೇಡ.

ಬೀಗಲ್ ನೋಡೋಕೆ ಮುದ್ದು, ಹತ್ತು ಹನ್ನೊಂದು ಕೆಜಿ ಅಷ್ಟೇ, ಮಕ್ಕಳ ಜೊತೆ ಎಷ್ಟಾದ್ರೂ ಆಡುತ್ತೆ. ಆದ್ರೆ ಅದು ಮೊಲ ಬೇಟೆಗೆ ಅಂತ ಬೆಳೆಸಿದ ತಳಿ, ಮೂಗಿಗೆ ವಾಸನೆ ಸಿಕ್ತು ಅಂದ್ರೆ ನೀವು ಕರೆದ್ರೂ ಕೇಳ್ಸಲ್ಲ, ಒಂಟಿಯಾಗಿ ಬಿಟ್ರೆ ಊಳಿಡುತ್ತೆ, ಇಬ್ರೂ ಕೆಲಸಕ್ಕೆ ಹೋಗೋ ಮನೆಗೆ ಆಗಲ್ಲ. ಪಗ್ ಮಕ್ಕಳ ಜೊತೆ ಬಹಳ ಸಹನೆ, ಆದ್ರೆ ಆ ಚಪ್ಪಟೆ ಮೂತಿಯಿಂದ ಅದಕ್ಕೆ ಉಸಿರಾಡೋದೇ ಕಷ್ಟ, ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಆಟ ಆಡ್ಸಿದ್ರೆ ಜೀವಕ್ಕೇ ಅಪಾಯ, ಕಣ್ಣು ಹೊರಗೆ ಇರೋದ್ರಿಂದ ಮಗೂನ ಉಗುರು ತಾಗಿದ್ರೂ ಗಾಯ ಆಗುತ್ತೆ. ಶಿಟ್ಜು ಕೂಡ ಅದೇ ಜಾತಿ ತೊಂದ್ರೆ, ಜೊತೆಗೆ ಕೂದಲ ಆರೈಕೆ. ಸಣ್ಣ ನಾಯಿ ಮಗೂಗೆ ಸುಲಭ ಅಂತ ಬಹಳ ಜನ ಅನ್ಕೋತಾರೆ, ನಂಗೆ ಹಾಗನ್ಸಲ್ಲ. ಸಣ್ಣ ನಾಯೀನ ಮಗು ಎತ್ಕೊಳ್ಳುತ್ತೆ, ಕೈ ತಪ್ಪಿ ಬೀಳಿಸುತ್ತೆ, ಕಾಲು ಮುರಿಯುತ್ತೆ, ಆ ಹೆದರಿಕೆಗೇ ಅದು ಆಮೇಲೆ ಕಚ್ಚೋಕೆ ಶುರು ಮಾಡುತ್ತೆ. ನಾವು ಚಿಕ್ಕವರಿದ್ದಾಗ ಮನೆಮನೇಲಿ ಇದ್ದ, ಎಲ್ರೂ ಪಾಮೇರಿಯನ್ ಅಂತಿದ್ದ ಆ ಬಿಳಿ ನಾಯಿ ನಿಜವಾಗಿ ಇಂಡಿಯನ್ ಸ್ಪಿಟ್ಜ್, ನಮ್ಮ ಹವೆಗೆ ಹೊಂದ್ಕೊಂಡಿದೆ, ಜಾಣ, ಆದ್ರೆ ಬೊಗಳೋದು ಜಾಸ್ತಿ ಮತ್ತು ಮೈ ಎಳೆದಾಡಿದ್ರೆ ಸಹಿಸಲ್ಲ. ಹಸ್ಕಿ ಬಗ್ಗೆ ಕೇಳ್ಲೇಬೇಡಿ, ಸೈಬೀರಿಯಾದ ಹಿಮದ ನಾಯೀನ ತಂದು ಎಸಿ ರೂಮಲ್ಲಿ ಕೂಡಿಹಾಕೋದು ನೋಡೋಕಾಗಲ್ಲ.

ಜರ್ಮನ್ ಶೆಫರ್ಡ್ ಕುರಿ ಕಾಯೋ ತಳಿ, ಓಡೋ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕೋ ಬುದ್ಧಿ ಕೆಲವಕ್ಕೆ ಇರುತ್ತೆ. ಅದಾಗ್ಲಿ ರಾಟ್‌ವೈಲರ್ ಆಗ್ಲಿ, ಮೊದಲ ಸಲ ನಾಯಿ ಸಾಕೋರಿಗೆ ಬೇಡ. 2024ರ ಮಾರ್ಚಲ್ಲಿ ಕೇಂದ್ರ ರಾಟ್‌ವೈಲರ್ ಸೇರಿ 23 ತಳಿಗಳನ್ನ ನಿಷೇಧಿಸೋ ಸುತ್ತೋಲೆ ಹೊರಡಿಸ್ತು, ಏಪ್ರಿಲಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಕಾನೂನು ಏನೇ ಇರ್ಲಿ, ಅಷ್ಟು ಬಲ ಇರೋ ನಾಯೀನ ಹಿಡಿಯೋ ಅನುಭವ ಮನೇಲಿ ಯಾರಿಗಾದ್ರೂ ಇದ್ಯಾ ಅನ್ನೋದು ನಮ್ಮನ್ನ ನಾವೇ ಕೇಳ್ಕೋಬೇಕು.

ನಮ್ಮದೇ ಮುಧೋಳ ನಾಯಿ ಬಗ್ಗೆ ಹೆಮ್ಮೆ ನನಗೂ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂತು, 2016ರಲ್ಲಿ ಸೇನೆಯವರು ತರಬೇತಿಗೆ ಅಂತ ಮೀರತ್‌ಗೆ ತಗೊಂಡ್ ಹೋದ್ರು. ಆದ್ರೆ ಅದು ಕಣ್ಣಲ್ಲಿ ಬೇಟೆ ಹಿಡಿಯೋ, ಗಾಳಿ ಥರ ಓಡೋ ನಾಯಿ, ಸೂಕ್ಷ್ಮ ಸ್ವಭಾವ, ಗಲಾಟೆ, ಮೈಮೇಲೆ ಬೀಳೋದು ಇಷ್ಟ ಆಗಲ್ಲ. ತೋಟ, ಹೊಲ ಇದ್ದು ಮಗು ಸ್ವಲ್ಪ ದೊಡ್ಡದಾಗಿದ್ರೆ ತರಬಹುದು, ಆಗ ಬಾಗಲಕೋಟೆ ಜಿಲ್ಲೆ ಮುಧೋಳದ ಹತ್ರ ತಿಮ್ಮಾಪುರದಲ್ಲಿರೋ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಎರಡು ರೂಮಿನ ಫ್ಲಾಟಿಗೆ ಬೇಡ.

ಉಳಿದದ್ದು ನಮ್ಮ ನಾಡ ನಾಯಿ, ಕಂತ್ರಿ ಅಂತ ಮೂಗು ಮುರೀತಾರಲ್ಲ ಅದು. ಬಿಸಿಲು ತಡೆಯುತ್ತೆ, ಗಿಡ್ಡ ಕೂದಲು, 15ರಿಂದ 20 ಕೆಜಿ ಆಸುಪಾಸು, ತಳಿಗೆ ಅಂಟಿಕೊಂಡು ಬರೋ ಕಾಯಿಲೆ ಕಡಿಮೆ. ಒಂದೇ ಎಚ್ಚರಿಕೆ, ಒಂದೊಂದರ ಸ್ವಭಾವ ಒಂದೊಂದು ಥರ, ಬೀದೀಲಿ ಮಕ್ಕಳಿಂದ ಕಲ್ಲೇಟು ತಿಂದಿರೋ ನಾಯಿಗೆ ಮಕ್ಕಳು ಕಂಡ್ರೇ ಭಯ ಇರಬಹುದು. ಅದಕ್ಕೆ ರೆಸ್ಕ್ಯೂ ಮಾಡಿ ಮನೇಲಿ ಇಟ್ಕೊಂಡಿರೋರ ಹತ್ರ ಹೋಗಿ, ಈ ನಾಯಿ ಮಕ್ಕಳ ಜೊತೆ ಇದ್ದಿದ್ದನ್ನ ನೀವೇ ಕಣ್ಣಾರೆ ನೋಡಿದೀರಾ ಅಂತ ನೇರವಾಗಿ ಕೇಳಿ. ಎರಡು ಸಲ ಹೋಗಿ, ಎರಡನೇ ಸಲ ಮಗೂನೂ ಕರ್ಕೊಂಡು. ಮಗು ಸುಮ್ನೆ ಕೂತಿರ್ಲಿ, ನಾಯಿ ತಾನಾಗಿ ಹತ್ರ ಬಂದು ಮೂಸಿ ಮೈ ಸಡಿಲ ಬಿಟ್ಟು ಬಾಲ ಆಡ್ಸುತ್ತಾ ನೋಡಿ. ದೂರ ನಿಂತು ಬಾಲ ಒಳಗೆ ಸೇರಿಸ್ಕೊಂಡ್ರೆ ಎಷ್ಟೇ ಮುದ್ದಾಗಿದ್ರೂ ಅದು ನಿಮ್ಮ ಮನೆಗಲ್ಲ.

ಮರೀನೇ ಬೇಕು ಅಂದ್ರೆ ಎಂಟು ವಾರ ತುಂಬೋ ತನಕ ತಾಯಿಯಿಂದ ಬೇರೆ ಮಾಡ್ಬೇಡಿ, ಅದಕ್ಕೂ ಚಿಕ್ಕ ಮರಿ ಮಾರೋ ಹಾಗಿಲ್ಲ ಅಂತ 2017ರ ಕೇಂದ್ರದ ನಿಯಮಾನೇ ಇದೆ. ತಾಯಿ ಜೊತೆ ಒಡಹುಟ್ಟಿದವರ ಜೊತೆ ಆಡುವಾಗ್ಲೇ ಅವು ಎಷ್ಟು ಜೋರಾಗಿ ಕಚ್ಚಿದ್ರೆ ನೋವಾಗುತ್ತೆ ಅಂತ ಕಲಿಯೋದು, ನಮ್ಮ ಮರಿಗೆ ಆ ಪಾಠಾನೇ ಆಗಿರ್ಲಿಲ್ಲ. ತಾಯಿ ನಾಯೀನ ತೋರ್ಸಿ ಅನ್ನಿ. ತೋರ್ಸಲ್ಲ ಅಂದ್ರೆ, ಬಸ್ ಸ್ಟ್ಯಾಂಡಿಗೆ ತಂದ್ಕೊಡ್ತೀವಿ ಅಂದ್ರೆ, ಅಲ್ಲಿಗೇ ಬಿಟ್ಬಿಡಿ. ಆರೆಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಬೂಸ್ಟರ್‌ಗಳು, ಮೂರು ತಿಂಗಳಿಗೆ ರೇಬೀಸ್. ಜಂತುಹುಳದ ಔಷಧಿ ತಪ್ಪಿಸಲೇಬೇಡಿ, ನಾಯಿ ಹೊಟ್ಟೆಯ ಹುಳದ ಮೊಟ್ಟೆ ಮಣ್ಣಿಂದ ಮಗೂನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತೆ. ಉಣ್ಣೆ ಹತ್ತಿದೆಯಾ ಅಂತ ಕಿವಿ ಹಿಂದೆ, ಕಾಲ್ಬೆರಳ ಸಂದಿ ವಾರಕ್ಕೊಂದು ಸಲ ನೋಡಿ, ಉಣ್ಣೆ ಕಚ್ಚಿ ಬರೋ ಟಿಕ್ ಫೀವರ್ ನಮ್ಮ ಕಡೆ ಬಹಳ.

ಮನೆಗೆ ಬಂದ್ಮೇಲೆ ಮುಖ್ಯವಾದ ನಿಯಮ ಒಂದೇ, ದೊಡ್ಡವರು ಇಲ್ಲದೆ ನಾಯಿ ಮಗು ಎರಡನ್ನೇ ಒಂದು ರೂಮಲ್ಲಿ ಬಿಡಬಾರದು, ಎಷ್ಟೇ ಒಳ್ಳೇ ನಾಯಿ ಆದ್ರೂ. ಸ್ನಾನಕ್ಕೆ ಹೋಗೋ ಐದು ನಿಮಿಷಾನೂ ಅಷ್ಟೇ. ನಾಯಿಗೆ ಅಂತ ಒಂದು ಮೂಲೆ ಇರ್ಲಿ, ಅಲ್ಲಿಗೆ ಅದು ಹೋದ್ರೆ ಮಗು ಹಿಂದೆ ಹೋಗಂಗಿಲ್ಲ. ಉಣ್ಣುವಾಗ, ಮಲಗಿದಾಗ ಮುಟ್ಟಂಗಿಲ್ಲ. ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೆ ನಂಬ್ಕೊಂಡು ಕೂರಬೇಡಿ, ಕಚ್ಚೋದಕ್ಕೆ ಮುಂಚೆ ನಾಯಿ ಸಾಕಷ್ಟು ಸಲ ಹೇಳುತ್ತೆ, ಮುಖ ಆ ಕಡೆ ತಿರುಗಿಸುತ್ತೆ, ನಿದ್ದೆ ಇಲ್ಲದಿದ್ರೂ ಆಕಳಿಸುತ್ತೆ, ತುಟಿ ನೆಕ್ಕೊಳ್ಳುತ್ತೆ, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡುತ್ತೆ, ಮೈ ಸೆಟೆಯುತ್ತೆ, ಕೊನೆಗೆ ಗುರ್ ಅನ್ನುತ್ತೆ. ಗುರ್ ಅಂದಿದ್ದಕ್ಕೆ ಹೊಡೀಬೇಡಿ. ಹೊಡೆದ್ರೆ ಅದು ಎಚ್ಚರಿಕೆ ಕೊಡೋದನ್ನ ಬಿಟ್ಟು ನೇರ ಕಚ್ಚೋಕೆ ಕಲಿಯುತ್ತೆ, ಮಗೂನ ಮುಖ ನಾಯಿ ಬಾಯಿ ಎತ್ತರದಲ್ಲೇ ಇರುತ್ತೆ ಅನ್ನೋದು ಮರೀಬೇಡಿ. ಅಕಸ್ಮಾತ್ ಹಲ್ಲು ತಾಗಿ ಗೀರಿದ್ರೂ ಅರಿಶಿನ, ಸುಣ್ಣ ಏನೂ ಹಚ್ಚಬೇಡಿ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ, ಅವತ್ತೇ ಡಾಕ್ಟ್ರ ಹತ್ರ ಹೋಗಿ, ಮನೆ ನಾಯಿ ತಾನೇ ಅಂತ ಸುಮ್ನಾಗ್ಬೇಡಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸ್ಕೊಂಡ್ರೆ ಉಳಿಸೋಕೆ ಆಗೋದೇ ಇಲ್ಲ ಅನ್ನಬಹುದು. ಮಗೂನ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಹಾಕಿದ ಉಪ್ಪಿಟ್ಟು ನಾಯಿಗೆ ವಿಷ, ಅದನ್ನೂ ಮಗೂಗೆ ಕಥೆ ಮಾಡಿ ಹೇಳ್ಕೊಡಿ.

ಮಗು ಕಲಿಯುತ್ತಾ ಅಂತ ಅನುಮಾನ ಇರೋರಿಗೆ ನಿನ್ನೆಯದೇ ಹೇಳ್ತೀನಿ. ಸಂಜೆ ನೆಂಟರ ಮಗು ಒಂದು ಬಂದು ಕೆಂಚಿ ಕುತ್ತಿಗೆ ತಬ್ಕೊಂಡು ಬಿಡ್ಲೇ ಇಲ್ಲ. ಕೆಂಚಿ ಮುಖ ತಿರುಗಿಸಿ ಆಕಳಿಸ್ತು. ನಾನು ಅಡುಗೆಮನೆಯಿಂದ ಬರೋಷ್ಟರಲ್ಲಿ ಪುಟ್ಟಿನೇ ಆ ಮಗು ಕೈ ಬಿಡಿಸಿ, "ಸಾಕು ಬಿಡೋ, ಅವಳಿಗೆ ಬೇಡ್ವಂತೆ" ಅಂದ್ಲು. ಕೆಂಚಿ ಎದ್ದು ಮಂಚದ ಕೆಳಗೆ ಹೋಗಿ ಮಲಗ್ತು, ಹಿಂದೆ ಯಾರೂ ಹೋಗ್ಲಿಲ್ಲ.