ಕಸಿಗೆ ಕಾಯುವವರನ್ನು ಕಾಯುವ ಯಂತ್ರ: ಎಕ್ಮೊ ಕೆಲಸ ಮಾಡುವುದು ಹೀಗೆ

2020ರ ಆಗಸ್ಟ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಚೆನ್ನೈನ ಆಸ್ಪತ್ರೆಯಲ್ಲಿದ್ದಾಗ ಟಿ.ವಿ.ಯಲ್ಲಿ ದಿನಾ ಒಂದು ಹೊಸ ಪದ ಕೇಳುತ್ತಿತ್ತು: ಎಕ್ಮೊ, ಅಂದರೆ ರಕ್ತವನ್ನು ಮೈಯಿಂದ ಹೊರಗೆ ತಂದು ಆಮ್ಲಜನಕ ಬೆರೆಸಿ ವಾಪಸ್ ಕಳಿಸುವ ಯಂತ್ರ. ಎಸ್‌ಪಿಬಿ ಉಳಿಯಲಿಲ್ಲ. ಪದ ಮಾತ್ರ ನಮ್ಮ ಮನೆಗಳಲ್ಲಿ ಉಳಿಯಿತು, ‘ಅದನ್ನು ಹಾಕಿದರೆ ಮುಗೀತು’ ಅನ್ನುವ ಭಯದ ಜೊತೆ. ಆ ಭಯ ಪೂರ್ತಿ ಸುಳ್ಳಲ್ಲ. ಆದರೆ ಶ್ವಾಸಕೋಶ ಕಸಿಗೆ ಕಾದಿರುವವರ ವಿಷಯ ಸ್ವಲ್ಪ ಬೇರೆ. ಈ ಯಂತ್ರ ರೋಗ ವಾಸಿ ಮಾಡುವುದಿಲ್ಲ. ದಾನಿಯ ಶ್ವಾಸಕೋಶ ಸಿಗುವ ತನಕ ಜೀವ ಹಿಡಿದಿಡುತ್ತದೆ, ಅಷ್ಟೆ.

ಯಾರಿಗೆ ಹಾಕುತ್ತಾರೆ?

ವೆಂಟಿಲೇಟರ್ ಗಾಳಿಯನ್ನು ಶ್ವಾಸಕೋಶದೊಳಕ್ಕೆ ತಳ್ಳುತ್ತದೆ. ಶ್ವಾಸಕೋಶವೇ ಗಟ್ಟಿಯಾಗಿಬಿಟ್ಟಿದ್ದರೆ ಎಷ್ಟು ತಳ್ಳಿದರೂ ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ. ಆಗ ರಕ್ತವನ್ನೇ ಹೊರಗೆ ತಂದು, ಆಮ್ಲಜನಕ ಬೆರೆಸಿ, ವಾಪಸ್ ಕಳಿಸಬೇಕು. ವೈದ್ಯರು ಇದನ್ನು ‘ಬ್ರಿಡ್ಜ್’ ಅನ್ನುತ್ತಾರೆ. ಸೇತುವೆ ಕಟ್ಟಬೇಕಾದರೆ ಆಚೆ ದಡ ಇರಬೇಕು, ಅಲ್ವಾ? ಹಾಗಾಗಿ ರೋಗಿ ಕಸಿಗೆ ತಕ್ಕವರೇ, ಮಿದುಳು ಮತ್ತು ಉಳಿದ ಅಂಗಗಳು ಹೇಗಿವೆ ಅಂತ ಮೊದಲೇ ನೋಡುತ್ತಾರೆ.

ಪೈಪು ಹಾಕುವುದು

ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ತೊಡೆಸಂದಿನ ಅಭಿಧಮನಿಗೆ (ರಕ್ತವನ್ನು ಹೃದಯದ ಕಡೆ ಒಯ್ಯುವ ನಾಳ) ಸೂಜಿ ಚುಚ್ಚುತ್ತಾರೆ. ಸೂಜಿಯ ಮೂಲಕ ತೆಳ್ಳನೆಯ ತಂತಿ ಒಳಗೆ ಹೋಗುತ್ತದೆ. ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆ ಹಾಕಿ ದಾರಿ ಅಗಲ ಮಾಡುತ್ತಾರೆ. ಕೊನೆಗೆ ಹೋಗುವ ಪೈಪು ಹೆಚ್ಚೂಕಡಿಮೆ ಪೆನ್ಸಿಲ್‌ನಷ್ಟು ದಪ್ಪ, 7–8 ಮಿಲಿಮೀಟರ್. ರಕ್ತ ವಾಪಸ್ ಬರುವ ಇನ್ನೊಂದು ಪೈಪು ಕುತ್ತಿಗೆಯಲ್ಲಿರುತ್ತದೆ. ಶ್ವಾಸಕೋಶ ಮಾತ್ರ ಕೆಟ್ಟಿದ್ದರೆ ಇಷ್ಟು ಸಾಕು.

ಹೃದಯವೂ ಸೋತಿದ್ದರೆ ರಕ್ತವನ್ನು ಅಪಧಮನಿಗೆ (ಹೃದಯದಿಂದ ಮೈಗೆ ರಕ್ತ ಒಯ್ಯುವ ನಾಳ), ಸಾಮಾನ್ಯವಾಗಿ ತೊಡೆಯಲ್ಲಿ, ಒತ್ತಡದಿಂದ ಬಿಡಬೇಕು. ಇಲ್ಲೊಂದು ತಾಪತ್ರಯ ಇದೆ. ತೊಡೆಯಿಂದ ಬಿಟ್ಟ ಒಳ್ಳೆಯ ರಕ್ತ ಮೇಲಕ್ಕೆ ಬರುತ್ತಿದ್ದರೆ, ಹೃದಯ ಎದುರಿನಿಂದ ಆಮ್ಲಜನಕವಿಲ್ಲದ ರಕ್ತವನ್ನು ತಳ್ಳುತ್ತಿರಬಹುದು. ಕಾಲು ಕೆಂಪಗೆ, ತಲೆ ನೀಲಿ! ಅದಕ್ಕೇ ಇಂಥ ರೋಗಿಯ ಆಕ್ಸಿಮೀಟರ್ ಬಲಗೈ ಬೆರಳಲ್ಲೇ ಇರಬೇಕು. ಮಿದುಳಿಗೆ ಹೋಗುವ ರಕ್ತದ ಸುದ್ದಿ ಮೊದಲು ಗೊತ್ತಾಗುವುದು ಅಲ್ಲಿ.

ಯಂತ್ರದೊಳಗೆ

ಪಂಪು ನಿಮಿಷಕ್ಕೆ 4–5 ಲೀಟರ್ ರಕ್ತ ಎಳೆಯುತ್ತದೆ. ದೊಡ್ಡವರ ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರ್. ಆ ರಕ್ತ ಆಕ್ಸಿಜನೇಟರ್‌ಗೆ ಹೋಗುತ್ತದೆ. ಅದರೊಳಗೆ ಶ್ಯಾವಿಗೆ ಕಟ್ಟಿನ ಹಾಗೆ ಸಾವಿರಾರು ಸಣ್ಣ ಎಳೆಗಳು, ಪ್ರತಿಯೊಂದೂ ಟೊಳ್ಳು. ಎಳೆಯೊಳಗೆ ಆಮ್ಲಜನಕ ಹರಿಯುತ್ತದೆ, ಸುತ್ತಲೂ ರಕ್ತ. ಆಮ್ಲಜನಕ ಈ ಕಡೆ ಬರುತ್ತದೆ, ಇಂಗಾಲದ ಡೈಆಕ್ಸೈಡ್ ಆ ಕಡೆ ಹೋಗುತ್ತದೆ. ರಕ್ತ ತಣ್ಣಗಾಗದಂತೆ 37 ಡಿಗ್ರಿಗೆ ಬಿಸಿ ಮಾಡಿ ಕಳಿಸುತ್ತಾರೆ.

ಹೊರಡುವ ಪೈಪು ನೇರಳೆ ಹಣ್ಣಿನ ಬಣ್ಣ. ಬರುವ ಪೈಪು ದಾಸವಾಳದ ಕೆಂಪು. ಎರಡೂ ಒಂದೇ ಬಣ್ಣಕ್ಕೆ ತಿರುಗಿದರೆ ಐಸಿಯುನಲ್ಲಿ ಎಲ್ಲರೂ ಓಡಿ ಬರುತ್ತಾರೆ.

ಹಗಲೂ ರಾತ್ರಿ ಕಾವಲು

ಪ್ಲಾಸ್ಟಿಕ್ ಮುಟ್ಟಿದ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಅದಕ್ಕೆ ಹೆಪಾರಿನ್ ಕೊಡುತ್ತಾರೆ. ಜಾಸ್ತಿಯಾದರೆ ರಕ್ತಸ್ರಾವ, ಕಡಿಮೆಯಾದರೆ ಗಡ್ಡೆ. ಪಾಳಿಯಲ್ಲಿರುವವರು ಟಾರ್ಚ್ ಬಿಟ್ಟು ಆಕ್ಸಿಜನೇಟರ್ ಮೇಲೆ ಕಪ್ಪು ಚುಕ್ಕೆ ಇದೆಯಾ ಅಂತ ಹುಡುಕುತ್ತಾರೆ. ಪೈಪು ಸುಮ್ನೆ ನಡುಗತೊಡಗಿದರೆ ಎಳೆಯಲು ಸಾಕಷ್ಟು ರಕ್ತ ಸಿಗುತ್ತಿಲ್ಲ ಅಂತ ಸೂಚನೆ. ಪಂಪು ನಿಂತರೆ ಕೈಯಲ್ಲಿ ತಿರುಗಿಸಲು ಒಂದು ಹಿಡಿಕೆ ಪಕ್ಕದಲ್ಲೇ ಇರುತ್ತದೆ. ಇಷ್ಟು ದುಬಾರಿ ಯಂತ್ರಕ್ಕೆ ಕೊನೆಯ ದಿಕ್ಕು ಮನುಷ್ಯನ ಮಣಿಕಟ್ಟು!

ನನಗೆ ಅತಿ ಮುಖ್ಯ ಅನ್ನಿಸುವ ಹಂತ ಮುಂದಿನದು: ರೋಗಿಯನ್ನು ಎಬ್ಬಿಸಿ ನಡೆಸುವುದು. ಕುತ್ತಿಗೆಯಲ್ಲಿ ಎರಡು ದಾರಿಯ ಒಂದೇ ಪೈಪು ಹಾಕಿದರೆ ಕಾಲು ಬಿಡುವಾಗುತ್ತದೆ. ಒಬ್ಬರು ಪೈಪು ಹಿಡಿದು, ಒಬ್ಬರು ಯಂತ್ರ ತಳ್ಳಿ, ಒಬ್ಬರು ತೋಳು ಹಿಡಿದು ವಾರ್ಡಿನಲ್ಲಿ ಹತ್ತು ಹೆಜ್ಜೆ. ಮಲಗಿಯೇ ಇದ್ದರೆ ಮೈಯ ಮಾಂಸ ಕರಗಿಹೋಗುತ್ತದೆ. ಕಸಿಯಾದ ಮೇಲೆ ಉಸಿರೆಳೆಯಲು ಬಲ ಇರುವುದಿಲ್ಲ.

ಈ ಆಸರೆ ಎಷ್ಟು ದೂರ ಹೋಗಬಹುದು? 2016ರಲ್ಲಿ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಒಬ್ಬ ಯುವತಿಯ ಎರಡೂ ಶ್ವಾಸಕೋಶ ತೆಗೆದುಹಾಕಿದರು. ಅಲ್ಲಿಂದ ಸೋಂಕು ಇಡೀ ಮೈಗೆ ಹರಡುತ್ತಿತ್ತು. ಎದೆಯೊಳಗೆ ಶ್ವಾಸಕೋಶವೇ ಇಲ್ಲದೆ ಆಕೆ ಯಂತ್ರಗಳ ಮೇಲೆ ಆರು ದಿನ ಇದ್ದರು. ಆಮೇಲೆ ಕಸಿಯಾಯಿತು, ಬದುಕಿದರು.

ಆಪರೇಷನ್ ದಿನ

ದಾನಿ ಸಿಕ್ಕರೆ (ಕರ್ನಾಟಕದಲ್ಲಿ ಅಂಗ ಹಂಚಿಕೆ ‘ಜೀವಸಾರ್ಥಕತೆ’ ಮೂಲಕ) ಗಡಿಬಿಡಿ ಶುರು. ಆಪರೇಷನ್ ಹೊತ್ತಿಗೂ ಎಕ್ಮೊ ಇರಬಹುದು. ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಮಾಡುವ, 1953ರಿಂದ ಬಳಕೆಯಲ್ಲಿರುವ ಹಾರ್ಟ್–ಲಂಗ್ ಯಂತ್ರಕ್ಕೆ ಹೆಪಾರಿನ್ ತುಂಬಾ ಬೇಕು, ಎಕ್ಮೊಗೆ ಕಡಿಮೆ ಸಾಕು. ಒಂದು ಹಳೆಯ ಶ್ವಾಸಕೋಶ ತೆಗೆದು, ಹೊಸದರ ಶ್ವಾಸನಾಳ, ರಕ್ತನಾಳಗಳನ್ನು ಹೊಲಿಯುತ್ತಾರೆ. ನಂತರ ಇನ್ನೊಂದು. ಆ ನಡುವೆ ಆಗಷ್ಟೇ ಕೂತ ಮೊದಲ ಶ್ವಾಸಕೋಶ ಇಡೀ ಮೈಯ ರಕ್ತವನ್ನು ಒಂಟಿಯಾಗಿ ತಡೆದುಕೊಳ್ಳಬೇಕು. ಯಂತ್ರ ಅರ್ಧ ಹೊರೆ ಹೊತ್ತರೆ ಅದು ಊದಿಕೊಳ್ಳುವ ಅಪಾಯ ಕಡಿಮೆ.

ಮೊದಲ 72 ಗಂಟೆ ಹೊಸ ಶ್ವಾಸಕೋಶ ಕೈಕೊಡುವ ಭಯ ಹೆಚ್ಚು. ಬೇಕಾದರೆ ಯಂತ್ರವನ್ನು ಇನ್ನೂ ಕೆಲವು ದಿನ ಬಿಡುತ್ತಾರೆ. ಯಂತ್ರ ಶ್ವಾಸಕೋಶಕ್ಕೆ ಮಾತ್ರ ಆಸರೆಯಾಗಿದ್ದರೆ, ತೆಗೆಯುವ ಮುಂಚೆ ಪಂಪು ಓಡುತ್ತಿರುವಾಗಲೇ ಆಮ್ಲಜನಕದ ಗಾಳಿ ನಿಲ್ಲಿಸುತ್ತಾರೆ. ಕೆಲವು ಗಂಟೆ ರಕ್ತ ಪರೀಕ್ಷೆ ಸರಿಯಾಗಿ ಬಂದರೆ ಪೈಪು ಹೊರಗೆ.

ಇನ್ನೊಂದು ಕೆಲಸ ಬಾಕಿ ಇರುತ್ತದೆ. ಕಸಿಯಲ್ಲಿ ನರಗಳನ್ನು ಜೋಡಿಸುವುದಿಲ್ಲ. ಹೊಸ ಶ್ವಾಸಕೋಶದಲ್ಲಿ ಕಫ ಕಟ್ಟಿದರೂ ತಾನಾಗಿ ಕೆಮ್ಮು ಬರುವುದಿಲ್ಲ. ಹಾಗಾಗಿ ಪೈಪು ಹಿಡಿದು ನಡೆಸಿದ ಅದೇ ಮಂದಿ ಈಗ ಮಂಚದ ಪಕ್ಕ ನಿಂತು ಹೇಳುತ್ತಾರೆ: ‘ಕೆಮ್ಮಿ ಅಮ್ಮಾ, ಇನ್ನೊಂದ್ಸಲ, ಜೋರಾಗಿ.’